ನಿಶಾನಿ ಖಂಡಪ್ಪನ ಐದು ಗುಂಡು

ನರೋಣಾದಲ್ಲಿ ಇಳಿದು ಬರೀ ಖಂಡಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ‘ನಿಶಾನಿ ಖಂಡಪ್ಪ’ ಅನ್ನಬೇಕು, ನಿಶಾನಿ ಅಂದರೆ ಗುರಿ. ಆಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಒಲೆ ಬಿಟ್ಟು ಹೊರಗೆ ಬಂದು, ಹೆಡ್ ಕಾನ್‌ಸ್ಟೇಬಲ್ ಖಂಡಪ್ಪನ ಓಣಿ ತೋರಿಸುತ್ತಾನೆ. ತೋರಿಸಿ ಸುಮ್ಮನಾಗುವುದಿಲ್ಲ, “ಅಂವ ಪಿಸ್ತೂಲ್ ಎತ್ತಿದ್ರ ಗುಂಡು ತಪ್ಪಂಗಿಲ್ರಿ” ಎಂದು ಸೇರಿಸುತ್ತಾನೆ. ಅವನೇನೂ ಅದನ್ನು ಕಣ್ಣಾರೆ ಕಂಡವನಲ್ಲ. ಕಂಡವರು ಊರಲ್ಲಿ ಯಾರೂ ಇಲ್ಲ. ಒಬ್ಬ ಮನುಷ್ಯನ ಹೆಸರು ಬೆಳೆಯುವುದಕ್ಕೆ ಅದೇನು ಅಡ್ಡಿಯಲ್ಲ ಬಿಡಿ.

ಆ ಹೆಸರು ಬಂದ ಬಗೆ ಹೀಗೆ. ಖಂಡಪ್ಪ ಹೊಸದಾಗಿ ನೌಕರಿಗೆ ಸೇರಿದ ವರ್ಷ, ಪೊಲೀಸರಿಗೆ ವರ್ಷಕ್ಕೊಮ್ಮೆ ಇರುವ ಫೈರಿಂಗ್‌ಗೆ ಅವನನ್ನೂ ಕರೆದುಕೊಂಡು ಹೋಗಿದ್ದರು. ಆಳಂದದ ಆಚೆ ಒಂದು ಹಳೆಯ ಕಲ್ಲಿನ ಖಣಿ. ಅದರ ಗೋಡೆಯ ಮುಂದೆ ಹಲಗೆ ನಿಲ್ಲಿಸಿ, ಹಲಗೆಗೆ ಕಾಗದ ಹಚ್ಚಿ, ಕಾಗದದ ಮೇಲೆ ಕಪ್ಪು ಮನುಷ್ಯನ ಆಕಾರ. ಆ ಕಪ್ಪಿನೊಳಗೆ ಬಿದ್ದ ಗುಂಡಿಗಷ್ಟೇ ಲೆಕ್ಕ. ಖಂಡಪ್ಪ ಪಿಸ್ತೂಲು ಎತ್ತಿದ. ಮೊದಲ ಸದ್ದಿಗೇ ಅವನ ಎದೆ ಧಸಕ್ಕೆಂದಿತು. ಮಿಕ್ಕ ಗುಂಡುಗಳನ್ನು ಹೇಗೆ ಹೊಡೆದನೋ ಅವನಿಗೇ ನೆನಪಿಲ್ಲ. ನಾಪಾಸಾದೆ, ಸಾಹೇಬರ ಬೈಗುಳ ತಿಂದೆ ಎಂದುಕೊಂಡು ನಿಂತಿದ್ದಾಗ, ತೂತು ಎಣಿಸಲು ಹಲಗೆಯ ಹತ್ತಿರ ಹೋಗಿದ್ದ ಹಿರಿಯ ಹವಾಲ್ದಾರ ಜಗದೇವಪ್ಪ ಅಲ್ಲಿಂದಲೇ ಕೂಗಿದ: “ಐದಕ್ಕ ಐದು!”

ಸಂಜೆ ಮಿರ್ಚಿ ಭಜಿ ತಿನ್ನುವಾಗ ಜಗದೇವಪ್ಪ ಕಿವಿಯ ಹಿಂದೆ ಸಿಕ್ಕಿಸಿದ್ದ ದಪ್ಪ ಪೆನ್ಸಿಲನ್ನು ತೆಗೆದು ತೋರಿಸಿ ನಕ್ಕ. “ನಿನ್ನ ಗುಂಡು ಎಲ್ಲಿ ಹೋದ್ವೋ ದೇವರಿಗೇ ಗೊತ್ತು. ಇದರಿಂದ ಕಪ್ಪಿನಾಗ ಐದು ತೂತು ಚುಚ್ಚಿದ್ನಿ, ಈ ಪೆನ್ಸಿಲ್ ಗುಂಡು ನಿನ್ನ ಮರ್ಯಾದಿ ಉಳಿಸಿದ್ವು. ಹೊಸಬ ಇದ್ದಿ, ಅಂಜಬ್ಯಾಡ.” ಖಂಡಪ್ಪನಿಗೆ ಆಗ ನಾಚಿಕೆಯಾಗಲಿಲ್ಲ. ಹಿರಿಯರು ಎಷ್ಟು ಒಳ್ಳೆಯವರು ಎಂದು ಕಣ್ಣು ತುಂಬಿ ಬಂತು. ಇನ್ನೊಂದು ಪ್ಲೇಟು ಭಜಿ ಅವನೇ ತರಿಸಿದ.

ಮರುವರ್ಷವೂ ಹಾಗೇ ಆಯಿತು, ಅದರ ಮರುವರ್ಷವೂ. ಅವನಿದ್ದ ಕಡೆಯೆಲ್ಲ ಇದು ಒಂದು ನಡಾವಳಿಯೇ ಆಗಿತ್ತು. ಫೈರಿಂಗ್ ಎಂದರೆ ಬೆಳಿಗ್ಗೆ ಲಾರಿ ಹತ್ತು, ಸದ್ದು ಮಾಡು, ಉಪ್ಪಿಟ್ಟು ತಿಂದು ಬಾ. ಪಾಸು ಮಾಡಿಸುವ ಕೆಲಸ ಹಲಗೆಯ ಹತ್ತಿರ ಹೋಗುವವರದು. ಜಗದೇವಪ್ಪ ನಿವೃತ್ತನಾಗುವಾಗ ಆ ಕೆಲಸ ಖಂಡಪ್ಪನ ಪಾಲಿಗೆ ಬಂತು. ಇವನ ಸರದಿ ಬಂದಾಗ ಇವನಿಗಾಗಿ ಬೇರೆ ಯಾರಾದರೂ ಚುಚ್ಚುತ್ತಿದ್ದರು. ಹೀಗೆ ಇಪ್ಪತ್ತು ವರ್ಷಕ್ಕೂ ಮೇಲೆ ಅವನು ಗುರಿ ತಪ್ಪದವನಾಗಿಯೇ ಉಳಿದ. ಮೀಸೆಯೂ ಅದಕ್ಕೆ ತಕ್ಕ ಹಾಗೆ ಬೆಳೆಯಿತು.

ಈಗ ಅವನಿರುವುದು ಅಫಜಲಪುರ ತಾಲೂಕಿನ ಒಂದು ಠಾಣೆಯಲ್ಲಿ. ಯಾವುದು ಎಂದು ಕೇಳಬೇಡಿ. ಅಲ್ಲಿರುವವರು ನಾಳೆ ಪೇಟೆಯಲ್ಲಿ ತಲೆ ಎತ್ತಿ ತಿರುಗಬೇಕಲ್ಲ. ಹೋದ ವರ್ಷ ಆ ಠಾಣೆಗೆ ಫರಹೀನ ಎಂಬ ಹುಡುಗಿ ಕಾನ್‌ಸ್ಟೇಬಲ್ ಆಗಿ ಬಂದಳು. ಜೇವರ್ಗಿಯ ದರ್ಜಿ ಯಾಕೂಬಸಾಬನ ಮಗಳು. ಸಣ್ಣ ಮೈ, ಮಾತು ಕಡಿಮೆ. ಖಂಡಪ್ಪನನ್ನು ಮೊದಲ ದಿನದಿಂದಲೇ ಕಾಕಾ ಎಂದಳು. ಅವನೂ ಅವಳಿಗೆ ಬಿಸಿಲಿನ ಡ್ಯೂಟಿ ತಪ್ಪಿಸುತ್ತಾ, ಡಬ್ಬಿಯ ಜೋಳದ ರೊಟ್ಟಿ ಹಂಚಿಕೊಳ್ಳುತ್ತಾ ಮನೆಮಗಳ ಹಾಗೆ ನೋಡಿಕೊಂಡ. ಮುಂದೆ ಆದದ್ದೆಲ್ಲ ಆ ಪ್ರೀತಿಯಿಂದಲೇ ಆದದ್ದು.

ಈ ಸಲದ ಫೈರಿಂಗ್‌ನಲ್ಲಿ ಒಂದು ವಿಶೇಷವಿತ್ತು. ಪೊಲೀಸರ ಪಿಸ್ತೂಲು ಸ್ಪರ್ಧೆಗೆ ತಂಡ ಆರಿಸಬೇಕಾಗಿತ್ತು, ಅದರಲ್ಲಿ ಮಹಿಳೆಯರಿಗೆ ಒಂದೇ ಜಾಗ. ಫರಹೀನಳಿಗೆ ಅದು ಬೇಕಾಗಿತ್ತು. ಬೇಕು ಎಂದು ಅವಳು ಯಾರ ಮುಂದೆಯೂ ಹೇಳಿರಲಿಲ್ಲ, ಆದರೆ ಲಾರಿಯಲ್ಲಿ ಉಪ್ಪಿಟ್ಟಿನ ಪೊಟ್ಟಣ ಮುಟ್ಟದೆ ಕೂತಿದ್ದು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಅವಳ ಸರದಿ ಬಂತು. ನಿಂತಳು, ಹೊಡೆದಳು, ಪಿಸ್ತೂಲು ಖಾಲಿ ಮಾಡಿ ತೋರಿಸಿ ಹಿಂದೆ ಸರಿದಳು. ಖಂಡಪ್ಪ ಮತ್ತು ಅವನ ಜೊತೆಯ ಕಾನ್‌ಸ್ಟೇಬಲ್ ಸಂತೋಷಕುಮಾರ ಹಲಗೆಯ ಹತ್ತಿರ ಹೋದರು. ಕಪ್ಪು ಆಕಾರದ ಎದೆಯ ನಡುವೆ ಕಾಗದ ಹರಿದು ಒಂದು ತೂತಾಗಿತ್ತು, ಅಂಚು ಚಿಂದಿಯಾದ, ಎರಡು ಹುಣಸೆಬೀಜ ಒತ್ತೊತ್ತಾಗಿ ಇಟ್ಟಷ್ಟು ಅಗಲದ ತೂತು. ಬೇರೆಲ್ಲೂ ಏನೂ ಇಲ್ಲ. ಅಯ್ಯೋ ಪಾಪ, ಒಂದೇ ಗುಂಡು ಬಿದ್ದಿದೆ, ಅದೂ ಕಾಗದ ಹರಿದುಕೊಂಡು ಹೋಗಿದೆ, ಎಂದುಕೊಂಡ ಖಂಡಪ್ಪ. ಸಣ್ಣ ಹುಡುಗಿ, ಕೈ ನಡುಗಿರಬೇಕು. ಅವನು ಹಲಗೆಗೆ ಅಡ್ಡ ನಿಂತು ಪೆನ್ಸಿಲ್ ತೆಗೆದ. ಭುಜದ ಹತ್ತಿರ ಒಂದು, ಹೊಟ್ಟೆಯ ಹತ್ತಿರ ಒಂದು, ಇನ್ನೊಂದು ಪಕ್ಕೆಗೆ. ಐದಕ್ಕೆ ನಾಲ್ಕು, ಕಾಣಲು ಚೆಂದವಾಗಿ, ನಂಬುವ ಹಾಗೆ.

ಯಾವ ವರ್ಷವೂ ಕುರ್ಚಿ ಬಿಟ್ಟು ಏಳದ ಸಾಹೇಬರು ಈ ವರ್ಷ ಎದ್ದು ಬಂದರು. ರಿಸರ್ವ್ ಇನ್ಸ್‌ಪೆಕ್ಟರ್ ಕಲ್ಯಾಣಕುಮಾರ ಹೊಸಬರು, ತಾವೂ ಸ್ಪರ್ಧೆಗಳಲ್ಲಿ ಗುಂಡು ಹೊಡೆದವರು. ಹಲಗೆಯ ಮುಂದೆ ಬಗ್ಗಿ, ನಡುವಿನ ತೂತಿನ ಅಂಚಿನ ಸುತ್ತ ಬೆರಳಾಡಿಸಿದರು.

“ಐದೂ ಇಲ್ಲೇ ಹೋಗ್ಯಾವ. ಒಂದರ ಮ್ಯಾಲ ಒಂದು,” ಎಂದರು ಮೆಲ್ಲಗೆ. ಆಮೇಲೆ ಸೊಂಟ ನೇರ ಮಾಡಿ, “ಹಂಗಾದ್ರ ಈ ಮೂರು ಎಲ್ಲಿಂದ ಬಂದ್ವು?” ಎಂದು ಗುಡುಗಿದರು.

ಐದು ಗುಂಡು ಒಂದೇ ಕಡೆ ಬೀಳಬಹುದು ಎಂಬುದೇ ಖಂಡಪ್ಪನ ತಲೆಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಹಲಗೆಯ ಮುಂದೆ ನಿಂತವನು, ನಿಶಾನಿ ಎಂದು ಕರೆಸಿಕೊಂಡವನು, ಒಳ್ಳೆಯ ಗುರಿ ಹೇಗಿರುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ.

“ಹೆಣ್ಣುಮಗಳು ಯಾರಿಗೋ ಹೇಳಿ ಚುಚ್ಚಿಸ್ಯಾಳ. ಇಂಥಾಕಿ ಹೊಡೆದದ್ದೂ ಖರೇನೋ ಸುಳ್ಳೋ ಯಾರಿಗೆ ಗೊತ್ತು? ನಡುವಿಂದೂ ಯಾರರೆ ಕಿತ್ತಿದ್ದು ಇರಬಹುದು,” ಎಂದರು ಸಾಹೇಬರು. “ಖಂಡಪ್ಪ, ನೀ ಹಿರಿಯಾ ಇದ್ದಿ. ನಿನ್ನ ಮಾತು ನಾ ನಂಬ್ತೇನಿ. ನೀವಿಬ್ಬರು ಬರೋದಕಿಂತ ಮೊದಲ ಇಲ್ಲಿ ಯಾರರೆ ಬಂದಿದ್ರೇನು?”

ಸಂತೋಷಕುಮಾರ ನೆಲ ನೋಡಿದ. ಖಂಡಪ್ಪನ ಜೇಬಿನಲ್ಲಿ ಪೆನ್ಸಿಲ್ ಇತ್ತು. ನಿಜ ಹೇಳಲು ಬಾಯಿ ತೆರೆದ. ಹೊರಗೆ ಬಂದದ್ದು ಬೇರೆ ಮಾತು. “ಹಿಂದಿನ ಪಾಳಿಯವ್ರು ಹಳೇ ತೂತಿಗಿ ಕಾಗದ ಅಂಟಸಾಕ ಬಂದಿದ್ರು ಸಾಹೇಬ್ರ. ಯಾರು ಅಂತ ನಾ ನೋಡಲಿಲ್ರಿ. ನಾವು ಬರೇ ಎಣಿಸೇವ್ರಿ.”

ಅಷ್ಟು ಸಾಕಾಯಿತು. ಫರಹೀನಳ ಹೆಸರು ಆಯ್ಕೆಯಿಂದ ಹೋಯಿತು, ವಿಚಾರಣೆ ಬೇರೆ ಆಗುತ್ತದೆ ಎಂದರು. ಅವಳು ಅಳಲಿಲ್ಲ. “ನಾ ಯಾರಿಗೂ ಹೇಳಿಲ್ರಿ ಸರ್” ಎಂದು ಒಂದೇ ಸಲ ಹೇಳಿ ಸಾಲಿನಲ್ಲಿ ನಿಂತಳು. ವಾಪಸು ಬರುವಾಗ ಲಾರಿಯಲ್ಲಿ ಅವಳ ಪಕ್ಕದ ಜಾಗ ಖಾಲಿಯಿತ್ತು. ಪೆನ್ಸಿಲ್ ಗುಂಡಿನಿಂದಲೇ ಪಾಸಾಗಿ ಬಂದವರೆಲ್ಲ ಅವಳಿಂದ ದೂರ ಕೂತರು. ನೋಡಿ ಜನರ ಮಾನವನ್ನು! ಖಂಡಪ್ಪನೂ ದೂರವೇ ಕೂತ. ಅವನಿಗೆ ಅವಳ ಮುಖ ನೋಡಲು ಆಗಲಿಲ್ಲ.

ಮನೆಗೆ ಹೋದವನು ಊಟ ಒಲ್ಲೆ ಎಂದ. “ಫೈರಿಂಗ್ ಏನಾಯ್ತು? ಐದಕ್ಕ ಐದೇ ಹೌದಿಲ್ಲೋ?” ಎಂದು ಹೆಂಡತಿ ಜಯಮಾಲಾ ಎಂದಿನಂತೆ ನಗುತ್ತಾ ಕೇಳಿದಳು. ಹೌದು ಎಂದು ಗೋಣು ಹಾಕಿದ. ಹಾಗೆ ಗೋಣು ಹಾಕಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಇಷ್ಟಾದರೂ ಹೇಗೋ ಮರೆಯುತ್ತಿದ್ದನೋ ಏನೋ. ಆದರೆ ಹುಡುಗಿ ಮರೆಯಲು ಬಿಡಲಿಲ್ಲ. ಅವಳು ಜಗಳವಾಡಿದ್ದರೆ, ಮುಖ ತಿರುವಿದ್ದರೆ ಸುಲಭವಾಗುತ್ತಿತ್ತು. ಅವಳು ಮೊದಲಿನ ಹಾಗೆ ಕಾಕಾ ಎನ್ನುತ್ತಲೇ ಇದ್ದಳು. ದಿನಾ ಡ್ಯೂಟಿ ಮುಗಿದ ಮೇಲೆ, ಪಿಸ್ತೂಲು ಒಪ್ಪಿಸುವ ಮೊದಲು ಆಯುಧದ ರಿಜಿಸ್ಟರ್ ಬರೆಯುವವರ ಅಪ್ಪಣೆ ಕೇಳಿ, ಠಾಣೆಯ ಹಿತ್ತಲಿಗೆ ಹೋಗುತ್ತಿದ್ದಳು. ಗುಂಡೆಲ್ಲ ತೆಗೆದು, ಒಳಗೆ ಬೆರಳು ಹಾಕಿ ಖಾಲಿ ಎಂದು ಎರಡೆರಡು ಸಲ ನೋಡಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಎರಡು ಕೈಯಲ್ಲಿ ಹಿಡಿದು, ಪಿಸ್ತೂಲಿನ ಮೇಲೆ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡು, ಟ್ರಿಗರ್ ಒತ್ತುತ್ತಿದ್ದಳು. ಟಕ್ ಎನ್ನುತ್ತಿತ್ತು, ನಾಣ್ಯ ಬೀಳುತ್ತಿರಲಿಲ್ಲ. ಮತ್ತೆ ಒತ್ತುತ್ತಿದ್ದಳು. ಬಿದ್ದರೆ ಎತ್ತಿಟ್ಟುಕೊಂಡು ಮೊದಲಿನಿಂದ.

ಒಂದು ಸಂಜೆ ಖಂಡಪ್ಪ ತಡೆಯಲಾರದೆ ಹತ್ತಿರ ಹೋದ. “ತಂಡದಾಗಿಂದ ಹೆಸರು ಹೋಯ್ತಲ್ಲವ್ವ. ಇನ್ನ ಯಾಕ ಇದು?”

“ಹೆಸರು ಹೋದ್ರೇನಾಯ್ತು ಕಾಕಾ, ಕೈ ಅದ ಅಲ್ಲೇನ್ರಿ,” ಎಂದಳು. “ಬಿಟ್ರ ಕೈ ಮರೀತದ.”

“ಗುಂಡಿಲ್ಲದ ಹೊಡದ್ರ ಏನು ಬರ್ತದ?”

ಅವಳು ನಕ್ಕಳು. “ನಿಮಗೇನು ಹೇಳೋದ್ರಿ, ನಿಶಾನಿ ಅಂತಾರ ನಿಮಗ. ಸದ್ದಿಗಿ ಅಂಜಿ ಕೈ ಮೊದಲ ಜಗ್ತದಲ್ರಿ, ಆ ಅಂಜಿಕಿ ತೆಗೀಬೇಕು. ಕಣ್ಣು ಪಿಸ್ತೂಲಿನ ಮುಂದಿನ ಮೊನಿ ಮ್ಯಾಲ ಇಡೋದು, ಆ ಕಪ್ಪು ಮನುಷ್ಯಾ ಮಬ್ಬು ಕಂಡ್ರೂ ಚಿಂತಿಲ್ಲ. ಆಮ್ಯಾಲ ಬೆರಳು ಸಾವಕಾಶ ಒತ್ತಬೇಕು. ಗುಂಡು ಯಾವಾಗ ಹೋಯ್ತು ಅಂತ ನಮಗ ಗೊತ್ತಾಗಬಾರ್ದು. ಇಷ್ಟೇ ರಿ. ದಿನಾ ಮಾಡಬೇಕು, ಅದೇ ತ್ರಾಸು.”

ಇಷ್ಟೇ. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಟ್ರೇನಿಂಗ್‌ನಲ್ಲಿ ಹೇಳಿದ್ದರೋ ಏನೋ, ಪೆನ್ಸಿಲ್ ಸಿಕ್ಕ ಮೇಲೆ ಅದನ್ನೆಲ್ಲ ನೆನಪಿಡುವ ದರಕಾರು ಯಾರಿಗಿತ್ತು? ನಿಮಗೇನು ಹೇಳೋದ್ರಿ ಎಂದ ಅವಳ ಮಾತು ಕೆನ್ನೆಗೆ ಹೊಡೆದ ಹಾಗಿತ್ತು. ಅವನು ಏನೋ ಕೆಲಸದ ನೆವ ಹೇಳಿ ಅಲ್ಲಿಂದ ಕಾಲ್ತೆಗೆದ.

ಮುಂದಿನ ವಾರ ಯಾಕೂಬಸಾಬ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅಂಗಡಿಯಿಂದ ಎದ್ದವನು ಸೀದಾ ಬಸ್ಸು ಹತ್ತಿದ್ದ. ಮಗಳಿಗೆ ಗೊತ್ತಿಲ್ಲದೆ ಬಂದಿದ್ದೇನೆ ಎಂದು ಖಂಡಪ್ಪನನ್ನು ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ಕರೆದ.

“ಹವಾಲ್ದಾರ್ ಸಾಹೇಬ್ರ, ಮಗಳು ಫೋನ್ ಮಾಡಿದಾಗೆಲ್ಲ ನಿಮ್ಮ ಹೆಸರೇ ಹೇಳ್ತಾಳ. ಕಾಕಾ ಇದ್ದಾರ ಅಬ್ಬಾ, ಚಿಂತಿ ಮಾಡಬ್ಯಾಡ ಅಂತಾಳ,” ಎಂದ. “ಆಕಿ ಅಂಗಡ್ಯಾಗ ಇಸ್ತ್ರಿ ಪೆಟಗಿ ಕೈಯಾಗ ಹಿಡಕೊಂಡು, ಕೈ ಮುಂದ ಚಾಚಿ ನಿಂದರ್ತಿದ್ಳು ರಿ. ಯಾಕ ಬೇ ಅಂದ್ರ, ತೋಳು ಗಟ್ಟಿ ಆಗಬೇಕು ಅಂತಿದ್ಳು. ಇಂಥಾ ಹುಡುಗಿ ಮೋಸ ಮಾಡ್ತದೇನ್ರಿ? ಜೇವರ್ಗ್ಯಾಗ ಸುದ್ದಿ ಮುಟ್ಯದ. ಅಂಗಡಿಗಿ ಬಂದವ್ರು, ನಿನ್ನ ಮಗಳು ಕಳ್ಳ ಗುಂಡು ಹೊಡದ್ಳಂತಲ್ಲೋ ಅಂತ ನಗ್ತಾರ. ನಿಮ್ಮ ಮಾತು ಸಾಹೇಬ್ರು ನಂಬ್ತಾರಂತ. ಆಕಿ ಅಂಥಾಕಿ ಅಲ್ಲ ಅಂತ ಒಂದು ಮಾತು ಹೇಳ್ರಿ. ನಿಮ್ಮ ಕಾಲು ಬೀಳ್ತೇನಿ.”

ಅವನು ನಿಜವಾಗಿಯೂ ಬಗ್ಗಿದ. ಖಂಡಪ್ಪ ಎರಡು ಹೆಜ್ಜೆ ಹಿಂದೆ ಹಾರಿದ, ಚೇಳು ಕಂಡವನ ಹಾಗೆ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಈ ಮನುಷ್ಯನ ಮಗಳ ಇಜ್ಜತ್ತು ಕಳೆದವನು ನಾನೇ, ಈ ಮನುಷ್ಯ ನನ್ನದೇ ಕಾಲು ಹಿಡಿಯಲು ಬಂದಿದ್ದಾನೆ. “ಏಳ್ರಿ, ಏಳ್ರಿ ಯಾಕೂಬಸಾಬ್ರ,” ಎಂದ. ನಾನೇ ಮಾಡಿದೆ ಎಂದು ಆ ಬೇವಿನ ಕೆಳಗೆ ಹೇಳುವ ಧೈರ್ಯವೂ ಬರಲಿಲ್ಲ. “ನಾಳೆ ಸಾಹೇಬ್ರ ಕಡೆ ಹೋಗ್ತೇನಿ” ಎಂದಷ್ಟೇ ಹೇಳಿದ. ಯಾಕೂಬಸಾಬ ಕಣ್ಣೊರೆಸಿಕೊಂಡು ದುವಾ ಮಾಡಿ ಹೋದ. ಆ ದುವಾ ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಮರುದಿನ ಹೋದ. ಕಲ್ಯಾಣಕುಮಾರ ಸಾಹೇಬರು ಖಣಿಯಲ್ಲಿಯೇ ಇದ್ದರು, ಬೇರೆ ಠಾಣೆಯವರ ಫೈರಿಂಗ್ ನಡೆದಿತ್ತು. ಖಂಡಪ್ಪ ಸೆಲ್ಯೂಟ್ ಹೊಡೆದು, ಪೆನ್ಸಿಲ್ ತೆಗೆದು ಅವರ ಮೇಜಿನ ಮೇಲಿಟ್ಟ. “ಆ ಮೂರು ತೂತು ನಾ ಚುಚ್ಚಿದ್ದು ಸಾಹೇಬ್ರ. ಆ ಹುಡುಗಿಗಿ ಏನೂ ಗೊತ್ತಿಲ್ಲ. ಒಂದೇ ಗುಂಡು ಬಿದ್ದದ ಅಂತ ತಿಳದು, ಪಾಸ್ ಆಗಲಿ ಅಂತ ಚುಚ್ಚಿದ್ನಿ. ನಿಮ್ಮ ಮುಂದ ಸುಳ್ಳು ಹೇಳಿದ್ನಿ.”

ಸಾಹೇಬರು ಪೆನ್ಸಿಲ್ ನೋಡಿದರು, ಅವನನ್ನು ನೋಡಿದರು, ನಕ್ಕರು. “ಆಕಿ ಅಪ್ಪ ನಿನ್ನ ಭೆಟ್ಟಿ ಆಗಿದ್ನಂತ. ನನಗ ಸುದ್ದಿ ಬಂದದ. ಮುದುಕನ ಕಣ್ಣೀರಿಗಿ ಕರಗಿ ಆಕಿ ತಪ್ಪು ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ಒಂದು ಗುಂಡಿನ ತೂತು, ಐದು ಗುಂಡಿನ ತೂತು ಗುರ್ತು ಹಿಡೀಲಾರದವ ಏನು ನೀ? ನಿಶಾನಿ ಖಂಡಪ್ಪ ನೀ!”

“ನಾ ನಿಶಾನಿ ಅಲ್ರಿ,” ಎಂದ ಖಂಡಪ್ಪ. ದನಿ ಸಣ್ಣದಾಗಿತ್ತು. “ನನ್ನವೂ ಎಲ್ಲಾ ಪೆನ್ಸಿಲ್ ಗುಂಡೇ ರಿ. ಮೊದಲಿಂದ.”

ಸಾಹೇಬರ ನಗು ಆರಿತು. “ಹಂಗಾದ್ರ ಹೊಡದು ತೋರ್ಸು. ಹಲಗಿ ಕಡೆ ನಾನೇ ಹೋಗ್ತೇನಿ, ಬೇರೆ ಯಾರೂ ಬರಂಗಿಲ್ಲ,” ಎಂದರು. ಆಮೇಲೆ ಏನು ತೋಚಿತೋ, ಠಾಣೆಗೆ ಫೋನ್ ಮಾಡಿಸಿ ಫರಹೀನಳನ್ನೂ ಕರೆಸಿದರು. ಅವಳು ಬಂದು ಸಾಲಿನ ಕೊನೆಯಲ್ಲಿ ನಿಂತಳು. ಯಾಕೆ ಕರೆಸಿದರು ಎಂದು ಯಾರೋ ಅವಳ ಕಿವಿಯಲ್ಲಿ ಹೇಳಿದರು. ಖಂಡಪ್ಪ ತಿರುಗಿ ನೋಡಲಿಲ್ಲ, ಬೆನ್ನು ಉರಿಯುತ್ತಿತ್ತು.

ಬೇಕೆಂದೇ ತಪ್ಪಿಸಿದರೆ ಇವನ ಮಾತು ನಂಬುತ್ತಾರೆ, ಅವಳು ಗೆದ್ದಳು. ಆದರೆ ಬೇಕೆಂದು ತಪ್ಪಿಸುವುದೂ ಇನ್ನೊಂದು ಪೆನ್ಸಿಲ್ ಗುಂಡೇ ಅಲ್ಲವೇ? ಅವನು ಹಾಗೆ ಮಾಡಲಿಲ್ಲ. ಜೀವನದಲ್ಲಿ ಮೊದಲ ಸಲ, ಬೀಳಲಿ ಎಂದೇ ಪಿಸ್ತೂಲು ಎತ್ತಿದ. ಕಣ್ಣು ಬಿಟ್ಟುಕೊಂಡೇ ಹೊಡೆದ. ಕೈ ಅಲುಗದಂತೆ ಹಿಡಿದ. ಐದೂ ಮುಗಿದ ಮೇಲೆ ಖಾಲಿ ಮಾಡಿ ತೋರಿಸಿ, ಹಿಂದೆ ಸರಿದು ನಿಂತ.

ಸಾಹೇಬರು ಹಲಗೆಯ ಮುಂದೆ ನಿಂತರು. ಕಪ್ಪು ಆಕಾರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಒಂದೂ ಇಲ್ಲ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಇನ್ನೊಬ್ಬರು ಅವರನ್ನು ಗದರಿದರು. ಖಂಡಪ್ಪ ತಲೆ ತಗ್ಗಿಸಿದ. ಆದರೂ ಒಳಗೆ ಎಲ್ಲೋ ಸ್ವಲ್ಪ ಹಗುರವಾಯಿತು. ಹುಡುಗಿಯ ಹೆಸರು ಉಳಿಯಿತು, ಹೋದದ್ದು ತನ್ನದು, ಹೋಗಬೇಕಾದ್ದೇ ಅದು.

ಅಷ್ಟರಲ್ಲಿ ಸಾಹೇಬರು ಬಗ್ಗಿದರು. ಕಾಗದದ ಕೆಳಭಾಗದ ಎಡಗಡೆಯ ಮೂಲೆಯಲ್ಲಿ, ಕಪ್ಪಿನ ಆಚೆ ಬರೀ ಬಿಳಿಯಿರುವ ಕಡೆ ಏನನ್ನೋ ಬಹಳ ಹೊತ್ತು ನೋಡಿದರು. “ಫರಹೀನ, ಇಲ್ಲಿ ಬಾ. ಖಂಡಪ್ಪ, ನೀನೂ ಬಾ.”

ಅಲ್ಲಿ, ಅಂಗೈಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ, ಐದೂ ಗುಂಡು ಒಂದರ ಪಕ್ಕ ಒಂದು ಕೂತಿದ್ದವು.

ಫರಹೀನ ಅವನ ಮುಖ ನೋಡಲಿಲ್ಲ. ಹಲಗೆಗೆ ಹೇಳುವ ಹಾಗೆ ಹೇಳಿದಳು. “ಕೈ ಅಲುಗಿಲ್ರಿ. ಕಣ್ಣೂ ಛಲೋ ಅದ. ಬೆರಳು ಪ್ರತಿ ಸಲ ಒಮ್ಮಿಗೇ ಜಗ್ಯದ, ಅದಕ್ಕ ಎಲ್ಲಾ ಕೆಳಗ, ಎಡಕ್ಕ ಬಂದಾವ. ಇಂಥಾ ಕೈಯವ್ರಿಗಿ ಹದಿನೈದು ದಿನ ಸಾಕು. ಮೊದಲನೇ ವರ್ಷಾನೇ ಯಾರರೆ ಇದನ್ನ ನೋಡಿದ್ರ, ಖರೇನೇ ನಿಶಾನಿ ಆಗ್ತಿದ್ರು.”

ಯಾರೂ ನೋಡಿರಲಿಲ್ಲ. ಜಗದೇವಪ್ಪ ಮೂಲೆ ನೋಡಲಿಲ್ಲ, ಕಪ್ಪಿನಲ್ಲಿ ಚುಚ್ಚಿ ಕೂಗಿದ. ಆಮೇಲೆ ಬಂದವರೂ ಅಷ್ಟೇ. ಅವನೂ ಬೇರೆಯವರಿಗೆ ಅಷ್ಟೇ ಮಾಡಿದ. ಎಷ್ಟು ಜನರ ಗುಂಡು ಯಾವ ಮೂಲೆಯಲ್ಲಿ ಹೀಗೆ ಒಟ್ಟಾಗಿ ಕೂತಿದ್ದವೋ, ಯಾರ ಬೆರಳಿಗೆ ಎಷ್ಟು ಸಣ್ಣ ತಿದ್ದುಪಡಿ ಸಾಕಾಗಿತ್ತೋ! ಎಲ್ಲದರ ಮೇಲೆ ಅವನು ಕಾಗದ ಅಂಟಿಸಿ ಬಂದಿದ್ದ, ಪುಣ್ಯದ ಕೆಲಸ ಎಂದುಕೊಂಡು. ಇಷ್ಟು ಹೊತ್ತು ಸುಳ್ಳು ಹೇಳಿದ್ದಕ್ಕೆ ನಾಚಿಕೊಂಡಿದ್ದವನಿಗೆ ಈಗ ತನ್ನ ಒಳ್ಳೆಯತನವನ್ನು ನೆನೆಸಿಕೊಂಡೇ ನಾಚಿಕೆಯಾಯಿತು. ಈ ನಾಚಿಕೆ ಹೇಳಿಕೊಂಡರೂ ಹೋಗುವಂಥದ್ದಲ್ಲ.

“ಈಗರೆ ಸುಧಾರಿಸ್ತದೇನವ್ವ?” ಎಂದು ಕೇಳಿದ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

“ಸುಧಾರಿಸ್ತದ ಸರ್,” ಎಂದಳು ಫರಹೀನ. “ಆದ್ರ ನಾ ಕಲಿಸಂಗಿಲ್ಲ.”

ಕಾಕಾ ಅನ್ನಲಿಲ್ಲ. ಅವನು ತಲೆಯಾಡಿಸಿದ. ಅವಳನ್ನು ತಪ್ಪು ಅನ್ನಲು ಅವನಿಗೆ ಯಾವ ಬಾಯಿ?

ಖಂಡಪ್ಪನಿಗೆ ಮೆಮೊ ಬರುತ್ತದೆ, ಇನ್ನು ಮುಂದೆ ಹಲಗೆಯ ಕೆಲಸ ಅವನಿಗಿಲ್ಲ ಎಂದು ಸಾಹೇಬರು ಅಲ್ಲೇ ಹೇಳಿದರು. ಫರಹೀನ ಈಗಲೇ ಇನ್ನೊಮ್ಮೆ ಹೊಡೆಯಲಿ, ತಾವೇ ಎಣಿಸುವುದಾಗಿ ಹೇಳಿದರು. ಹೊಸ ಕಾಗದ ಮುಗಿದಿತ್ತು. ಇದೇ ಕಾಗದದ ಮೇಲೆ ಹೊಡೆಯಬೇಕು, ಹಳೆಯ ತೂತು ಮುಚ್ಚಿ. ಸಾಹೇಬರು ಅಂಟಿನ ಡಬ್ಬಿಯನ್ನು ಖಂಡಪ್ಪನ ಕೈಗೆ ಕೊಟ್ಟರು. ಅವನು ಮಂಡಿಯೂರಿ ಕೂತು, ತನ್ನ ಐದು ಗುಂಡಿನ ಮೇಲೆ, ಅವನವೇ ಆದ ಆ ಐದೇ ಗುಂಡಿನ ಮೇಲೆ, ಬಿಳಿ ಕಾಗದದ ಚೂರು ಇಟ್ಟು ಒತ್ತಿ ಸವರಿದ.

ವಾಪಸು ಬಂದು ಗೆರೆಯ ಹಿಂದೆ ನಿಂತ. ಫರಹೀನ ಪಿಸ್ತೂಲು ಎತ್ತಿದಳು. ಎಲ್ಲರೂ ಹಲಗೆಯ ಕಡೆ ನೋಡುತ್ತಿದ್ದರು. ಖಂಡಪ್ಪ ಅವಳ ಬೆರಳನ್ನೇ ನೋಡುತ್ತಾ ನಿಂತ.